ಟಾಟಾ ಸಭಾಂಗಣದಿಂದ ಕಾಕ್ಕನಾಡಿಗೆ

2023ರ ಸೆಪ್ಟೆಂಬರ್ 9, ಶನಿವಾರ. ಬೆಂಗಳೂರಿನಿಂದ ರಾತ್ರಿ ಹೊರಡುವ ಕನ್ಯಾಕುಮಾರಿ ರೈಲನ್ನು ಹಳಬರು ಇಂದಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಾರೆ. ಅದರ ಸ್ಲೀಪರ್ ಬೋಗಿಯಲ್ಲಿ ನಲವತ್ತು ದಾಟಿದ ಬೆಂಗಳೂರಿಗನೊಬ್ಬ ಬ್ಯಾಗಿನ ತುಂಬ ಚಾರ್ಜರು, ಎಕ್ಸ್‌ಟೆನ್ಷನ್ ಬಾಕ್ಸು, ಪೆನ್ ಡ್ರೈವುಗಳನ್ನು ತುಂಬಿಕೊಂಡು ಕೂತಿದ್ದ. ಎದುರು ಸೀಟಿನಲ್ಲಿ ಕನ್ಯಾಕುಮಾರಿಗೆ ಹೊರಟ ನಿವೃತ್ತ ಮೇಷ್ಟ್ರು.

‘ಎಲ್ಲಿಗಪ್ಪಾ?’

‘ಕೊಚ್ಚಿಗೆ ಸಾರ್. ಕಂಪ್ಯೂಟರಿನವರದ್ದೊಂದು ಸಮ್ಮೇಳನ.’

‘ಆಫೀಸಿಂದ ಕಳಿಸಿದಾರಾ?’

‘ಇಲ್ಲ ಸಾರ್, ರಜೆ ಹಾಕಿ ಹೋಗ್ತಿದೀನಿ.’

‘ಸರಿ ಹೋಯ್ತು. ನಾವೆಲ್ಲ ಮನೇಲಿ ಕೂತು ಫೋನಲ್ಲೇ ಕೆಲಸ ಮುಗಿಸೋ ಕಾಲ ಬಂತು, ಕಂಪ್ಯೂಟರಿನವರು ರೈಲು ಹತ್ತಿ ಹೊರಟಿದೀರಲ್ಲಪ್ಪಾ!’ ಮೇಷ್ಟ್ರು ನಕ್ಕು, ಹೊದಿಕೆ ಎಳೆದುಕೊಂಡು ಮಲಗಿಬಿಟ್ಟರು.

ಪ್ರಶ್ನೆ ನ್ಯಾಯವಾದದ್ದೇ. ಅವನು ಹೊರಟಿದ್ದು ಡೆಬ್‌ಕಾನ್ ಎಂಬ ಮೇಳಕ್ಕೆ. ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು 1993ರ ಆಗಸ್ಟ್ 16ರಂದು ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಶುರುಮಾಡಿದ. ಅದಕ್ಕೆ ಮಾಲೀಕರಿಲ್ಲ, ಕೇಂದ್ರ ಕಚೇರಿಯಿಲ್ಲ. ಹಲವು ದೇಶಗಳ ಸ್ವಯಂಸೇವಕರು ತಂತಮ್ಮ ಮನೆಗಳಲ್ಲಿ ಕೂತು, ನೆಟ್ಟಿನ ಮೂಲಕವೇ ಕಟ್ಟುವ ಸಾಮಗ್ರಿ ಅದು. ಅಂಥವರು 2000ದಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಮೊದಲ ಸಲ ಒಂದೆಡೆ ಸೇರಿದರು. ಆಮೇಲೆ ಹೆಚ್ಚಾಗಿ ಬೇರೆ ಬೇರೆ ಊರು. ಭಾರತದ ಸರದಿ ಬರಲು 2023 ಆಗಬೇಕಾಯಿತು.

ಆದರೆ ಈ ಪ್ರಯಾಣದ ಮೂಲ ಬೋರ್ಡೊದಲ್ಲಿಲ್ಲ, ಬೆಂಗಳೂರಿನ ಒಂದು ಪತ್ರಿಕೆಯಂಗಡಿಯಲ್ಲಿದೆ.

1996ರಲ್ಲಿ ಪಿಸಿ ಕ್ವೆಸ್ಟ್ ಮಾಸಪತ್ರಿಕೆ ತನ್ನ ಸಂಚಿಕೆಯ ಜೊತೆ ಡೆಬಿಯನ್ನಿಗೆ ಅಡಿಪಾಯವಾದ ಲಿನಕ್ಸ್ ತುಂಬಿದ ಸಿ.ಡಿ.ಯೊಂದನ್ನು ಹಂಚಿತು. ಅದರ ಹಿಂದಿದ್ದ ಪ್ರಮುಖರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಒಬ್ಬರು. ಆ ತಟ್ಟೆಯ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ಹಾಕಬೇಕು. ವಿದೇಶ್ ಸಂಚಾರ್ ನಿಗಮ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಡಯಲ್‌ಅಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಒಂದು ಸಿ.ಡಿ.ಯಲ್ಲಿ ಹಿಡಿಯುವ 650 ಮೆಗಾಬೈಟನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು, ಲೈನು ಒಮ್ಮೆಯೂ ಕತ್ತರಿಸದಿದ್ದರೂ, ಸುಮಾರು 150 ತಾಸು ಬೇಕು. ಅಂದರೆ ಆರು ಹಗಲು ಆರು ರಾತ್ರಿ ದಾಟಿ ಮೇಲೆ ಕೆಲವು ಗಂಟೆ. ಅಷ್ಟು ಹೊತ್ತೂ ಮನೆಯ ಫೋನು ಎಂಗೇಜು, ತಿಂಗಳ ಕೊನೆಗೆ ಬರುವ ಬಿಲ್ಲು ಬೇರೆ. ಹೀಗಾಗಿ ಸಿ.ಡಿ. ಯಾರ ಬಳಿ ಇದೆಯೋ ಅವರ ಮನೆಗೆ ಹೋಗಬೇಕಿತ್ತು. ಹೋದವರು ಬರೀ ಸಿ.ಡಿ. ತಗೊಂಡು ಬರುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು, ಕಾಫಿ ಕುಡಿಯುತ್ತಿದ್ದರು. ಲಿನಕ್ಸ್ ಬಳಕೆದಾರರ ಬಳಗಗಳು ನಮ್ಮಲ್ಲಿ ಬೆಳೆದದ್ದು ಸಿದ್ಧಾಂತದಿಂದ ಅನ್ನುವುದಕ್ಕಿಂತ ಈ ಕೊರತೆಯಿಂದ ಎನ್ನುವುದು ಹೆಚ್ಚು ನಿಜ.

ಬಳಗದವರು ಸೇರಿ ಲಿನಕ್ಸ್ ಹಾಕಿಕೊಡುತ್ತಿದ್ದ ಆ ಕಾಲದ ಇನ್‌ಸ್ಟಾಲ್ ಫೆಸ್ಟ್ ನೋಡಿದವರಿಗೆ ಗೊತ್ತು. ಲ್ಯಾಪ್‌ಟಾಪು ಕೈಗೆಟುಕದ ದಿನಗಳು. ಜನ ಸಿಪಿಯು ಡಬ್ಬವನ್ನೇ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಒಂದೇ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸಿಗೊಂದು ಪಾಲು, ಲಿನಕ್ಸಿಗೊಂದು ಪಾಲು ಮಾಡಬೇಕು. ಪಾಲು ತಪ್ಪಿದರೆ ಅಪ್ಪನ ಅಕೌಂಟ್ಸ್ ಫೈಲು, ಅಕ್ಕನ ಪ್ರಾಜೆಕ್ಟ್ ರಿಪೋರ್ಟು ಎಲ್ಲ ಒಟ್ಟಿಗೆ ಹೋಗುತ್ತಿತ್ತು. ಎಲ್ಲ ಸರಿ ಮಾಡಿ ಮತ್ತೆ ಆನ್ ಮಾಡಿದರೆ, ಕಪ್ಪು ಪರದೆಯ ಮೇಲೆ ಎಲ್, ಐ ಎಂಬ ಎರಡೇ ಇಂಗ್ಲಿಷ್ ಅಕ್ಷರ ಮೂಡಿ ಮಿಷನ್ನು ಗರ ಬಡಿದಂತೆ ನಿಂತುಬಿಡುವುದು! ಮಿಷನ್ನನ್ನು ಎಬ್ಬಿಸುವ ಲೈಲೋ ಎಂಬ ಬೂಟ್ ಲೋಡರ್ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಹಂತಕ್ಕೊಂದರಂತೆ ಬರೆಯುತ್ತಿತ್ತು. ಎರಡಕ್ಕೇ ನಿಂತರೆ ಎರಡನೇ ಹಂತದ ಕೋಡು ಶುರುವಾಗಿಲ್ಲ ಎಂದರ್ಥ. ಇದನ್ನು ಪುಸ್ತಕದಿಂದ ಕಲಿತವರು ಕಡಿಮೆ. ಪಕ್ಕದಲ್ಲಿ ನಿಂತು ‘ಅದು ಹಂಗೇ, ರೆಸ್ಕ್ಯೂ ಫ್ಲಾಪಿ ಹಾಕಿ’ ಎಂದವರಿಂದ ಕಲಿತವರೇ ಹೆಚ್ಚು.

ಅಂಥ ಬಳಗವೇ 2001ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಕೂಡಿಸಿತು. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ, ಬಳಕೆದಾರರೇ ಸೇರಿ ಮಾಡಿದ್ದು. ನಾಲ್ಕು ವರ್ಷ ಅದೇ ಹೆಸರು. 2005ರಲ್ಲಿ ಅದು ಫಾಸ್ ಡಾಟ್ ಇನ್ ಆಗಿ ಬೆಂಗಳೂರು ಅರಮನೆಗೆ ಹೋಯಿತು. ಲಿನಕ್ಸಿನ ತಿರುಳಾದ ಕರ್ನಲ್‌ನ ಹಿರಿಯ ಅಲನ್ ಕಾಕ್ಸ್ ಬ್ರಿಟನ್ನಿನಿಂದ ಬಂದು ಮಾತಾಡಿದ್ದು ಆ ವರ್ಷ. ಮತ್ತೆ ಐಐಎಸ್‌ಸಿ, ಆಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಭವನ. ಈ ಜಾಗಗಳನ್ನು ಬಿಎಂಟಿಸಿ ಬಸ್ಸಿನಲ್ಲಿ ಒಂದೇ ದಿನ ಸುತ್ತಿ ಬರಬಹುದು. ಯಾವ ಗೋಡೆಯ ಮೇಲೂ ಆ ದಿನಗಳ ಗುರುತಿನ ಫಲಕ ಕಾಣುವುದಿಲ್ಲ.

ನಿಮ್ಹಾನ್ಸಿಗೆ ಬರುವಷ್ಟರಲ್ಲಿ ಸಮ್ಮೇಳನದ ಸ್ವಭಾವವೇ ಬದಲಾಗಿತ್ತು. ಇಷ್ಟು ದೊಡ್ಡ ದೇಶ ಲಿನಕ್ಸಿನಂಥ ಮುಕ್ತ ತಂತ್ರಾಂಶವನ್ನು ಬಳಸುತ್ತದೆ, ಬರೆಯುವುದಿಲ್ಲ ಎಂಬುದು ಸಮ್ಮೇಳನ ಮುನ್ನಡೆಸುತ್ತಿದ್ದ ಚಿಟ್ನಿಸ್ ಅವರ ಮುಖ್ಯ ತಕರಾರು. ಹಾಗಾಗಿ ಭಾಷಣ ಕೇಳಿ ಟೀಶರ್ಟ್ ತಗೊಂಡು ಹೋಗುವ ಪದ್ಧತಿಗೆ ಅವರು ಕತ್ತರಿ ಹಾಕಿದರು. ಬಂದವರು ಕೂತು ಕೋಡ್ ಬರೆಯುವ ‘ವರ್ಕೌಟ್’ಗಳು ಶುರುವಾದವು. ಕೊಡುವವರು ಬನ್ನಿ ಎಂಬುದು ಕರೆ. ತಕರಾರು ನಿಜವೇ, ಆದರೆ ಮದ್ದು ಸ್ವಲ್ಪ ಖಾರವಾಯಿತು ಎನ್ನದೆ ವಿಧಿಯಿಲ್ಲ. ಕುತೂಹಲಕ್ಕೆ ಬಂದು, ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಮೂರನೆಯ ವರ್ಷ ಒಂದು ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸುವವನೂ ಇದ್ದಾನಲ್ಲ. ಬೆಂಚು ಎತ್ತಿಬಿಟ್ಟರೆ ಅವನು ಕೂರುವುದೆಲ್ಲಿ? 2012ರ ಸಮ್ಮೇಳನವೇ ಕೊನೆಯದಾಯಿತು. 2013ರ ಜೂನ್ 3ರಂದು ಚಿಟ್ನಿಸ್ ಕ್ಯಾನ್ಸರಿನಿಂದ ತೀರಿಕೊಂಡರು.

ಬೆಳಗಾಗುವ ಹೊತ್ತಿಗೆ ರೈಲು ಪಾಲಕ್ಕಾಡ್ ಕಣಿವೆ ಹಾದಿತ್ತು. ಪಶ್ಚಿಮ ಘಟ್ಟ ಇಲ್ಲಿ ತಾನಾಗಿಯೇ ಬಾಗಿಲು ಬಿಟ್ಟುಕೊಟ್ಟಿದೆ. ಆ ಕಡೆಯ ಬಿಸಿಲು ಮುಗಿದು ಈ ಕಡೆಯ ಹಸಿರು ಶುರುವಾದದ್ದು ಕಿಟಕಿಯಲ್ಲೇ ಗೊತ್ತಾಗುತ್ತದೆ. ಕೊಚ್ಚಿಯ ದಾರಿಯೂ ಹೀಗೆ ಸಣ್ಣ ಊರುಗಳ ಮೂಲಕವೇ ತೆರೆದದ್ದು. 2022ರ ನವೆಂಬರಿನಲ್ಲಿ ಪಾಲಕ್ಕಾಡಿನಲ್ಲಿ ಒಂದು ಮಿನಿ ಡೆಬ್‌ಕಾನ್ ನಡೆಯಿತು, 2023ರ ಜನವರಿಯಲ್ಲಿ ತಮಿಳುನಾಡಿನ ವಿಳುಪ್ಪುರಂನಲ್ಲಿ ಇನ್ನೊಂದು. ವಿಳುಪ್ಪುರಂ ಬಳಗದ ಕೆಲಸ ಗಮನಿಸುವಂಥದ್ದು: ಸುತ್ತಲ ಹಳ್ಳಿಯ ಮಕ್ಕಳಿಗೆ ಲಿನಕ್ಸ್ ಮೇಲೆ ತಮಿಳಿನಲ್ಲೇ ಪಾಠ. ಚೆನ್ನೈ ಬಳಗವಂತೂ ತಿಂಗಳ ಎರಡನೇ ಶನಿವಾರ ಐಐಟಿ ಮದ್ರಾಸಿನಲ್ಲಿ ಸೇರುವ ರೂಢಿಯನ್ನು ವರ್ಷಾನುವರ್ಷ ನಡೆಸಿಕೊಂಡು ಬಂತು. ದೊಡ್ಡ ಸಮ್ಮೇಳನ ಪತ್ರಿಕೆಯಲ್ಲಿ ಬರುತ್ತದೆ, ಎರಡನೇ ಶನಿವಾರ ಬರುವುದಿಲ್ಲ. ಬಳಗ ಉಳಿಯುವುದು ಮಾತ್ರ ಎರಡನೇ ಶನಿವಾರದಿಂದ.

ಎರ್ನಾಕುಳಂನಿಂದ ಕಾಕ್ಕನಾಡಿನ ಇನ್ಫೋಪಾರ್ಕಿಗೆ ಆಟೋ. ಐಟಿ ಪಾರ್ಕಿನ ಹೋಟೆಲೊಂದರಲ್ಲಿ ಮೇಳ. ಸೆಪ್ಟೆಂಬರ್ 10ರಿಂದ 17ರವರೆಗೆ ಅಲ್ಲಿ ಸೇರಿದ್ದು 35 ದೇಶಗಳ 474 ಜನ. ಒಳಗೆ ಹೆಜ್ಜೆಯಿಟ್ಟವನಿಗೆ ಮೊದಲು ಕಂಡದ್ದು ವೈರುಗಳು: ನೆಲದ ಮೇಲೆ ಟೇಪು ಹಾಕಿ ಅಂಟಿಸಿದ ಕೇಬಲ್ಲು, ಮೇಜಿನಿಂದ ಮೇಜಿಗೆ ಹರಿದ ಪ್ಲಗ್ ಪಾಯಿಂಟು. ಡೆಬ್‌ಕಾನಿನ ಭಾಷಣಗಳು ಹೆಚ್ಚಾಗಿ ನೇರ ಪ್ರಸಾರವಾಗುತ್ತವೆ. ಕ್ಯಾಮೆರಾ ಹಿಡಿಯುವವರು, ಮೈಕಿನ ಶಬ್ದ ಹೊಂದಿಸುವವರು, ಭಾಷಣಕಾರರನ್ನು ಪರಿಚಯಿಸಿ ಸಮಯ ಮುಗಿಯಿತೆಂದು ಚೀಟಿ ತೋರಿಸುವವರು ಎಲ್ಲರೂ ಸಭಿಕರೇ. ಬೆಳಿಗ್ಗೆ ಕ್ಯಾಮೆರಾ ಹಿಂದೆ ನಿಂತವರು ಮಧ್ಯಾಹ್ನ ವೇದಿಕೆ ಮೇಲಿರಬಹುದು. ಒಟ್ಟಿಗೆ ಕೂತು ಕೋಡ್ ಬರೆಯುವ ಹ್ಯಾಕ್ ಲ್ಯಾಬಿನಲ್ಲಿ ನಡುರಾತ್ರಿಯೂ ದೀಪ ಆರುವುದಿಲ್ಲ.

ಸೋಮವಾರ ಸಂಜೆ ಚೀಸ್ ಮತ್ತು ವೈನ್ ಪಾರ್ಟಿ. ಪ್ರತಿಯೊಬ್ಬರೂ ತಮ್ಮೂರಿನ ತಿನಿಸು ತಂದು ಮೇಜಿನ ಮೇಲಿಡುವುದು ಡೆಬ್‌ಕಾನಿನ ಹಳೆಯ ಸಂಪ್ರದಾಯ. ಬೆಂಗಳೂರಿಗನ ಬ್ಯಾಗಿನಿಂದ ಮೈಸೂರು ಪಾಕಿನ ಡಬ್ಬ ಹೊರಬಂತು. ಯುರೋಪಿನ ನೀಲಿ ಬೂಷ್ಟಿನ ಚೀಸಿಗೆ ಮೂಗು ಮುಚ್ಚಿಕೊಂಡವರು ಅದಕ್ಕೆ ಕೈ ಹಾಕಿದರು. ಡಬ್ಬ ಖಾಲಿಯಾಗಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾರಿಡಾರಿನಲ್ಲಿ. ಇಬ್ಬರು ಎದುರುಬದುರು ನಿಂತಿದ್ದರು. ಒಬ್ಬರ ಕೈಯಲ್ಲಿ ಇನ್ನೊಬ್ಬರ ಪಾಸ್‌ಪೋರ್ಟು. ಫೋಟೋ ನೋಡುತ್ತಾರೆ, ಮುಖ ನೋಡುತ್ತಾರೆ, ಕಾಗದದ ಚೂರಿನಲ್ಲಿ ಅಚ್ಚಾದ, ಡಿಜಿಟಲ್ ಕೀಲಿಯ ಗುರುತಾದ 40 ಅಂಕಿ-ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಓದಿ ತಾಳೆ ಹಾಕುತ್ತಾರೆ, ಟಿಕ್ ಮಾಡುತ್ತಾರೆ. ಇದೇ ಕೀ ಸೈನಿಂಗ್. ಡೆಬಿಯನ್ನಿಗೆ ಸೇರುವ ಪ್ರತಿ ಪ್ಯಾಕೇಜಿಗೂ ಅದನ್ನು ಸೇರಿಸುವವರ ಡಿಜಿಟಲ್ ಸಹಿ ಇರಬೇಕು. ಆ ಸಹಿಯ ಕೀಲಿ ನಿಜವಾಗಿ ಅವರದೇ ಎಂದು ಹೇಳುವವರು ಯಾರು? ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ಈಗಾಗಲೇ ಒಳಗಿರುವ ಸದಸ್ಯರೇ ಹೊಸಬರನ್ನು ಮುಖತಃ ಕಂಡು, ಗುರುತಿನ ಚೀಟಿ ನೋಡಿ, ಅವರ ಕೀಲಿಗೆ ತಮ್ಮ ಸಹಿ ಹಾಕುವುದು ರೂಢಿ. ಹೀಗೆ ಒಬ್ಬರಿಗೊಬ್ಬರು ಜಾಮೀನು ನಿಂತು ಹೆಣೆದದ್ದು ಈ ನಂಬಿಕೆಯ ಬಲೆ. ಊರಿಗೆ ಡೆಬಿಯನ್ ಡೆವಲಪರ್ ಒಬ್ಬರೂ ಇಲ್ಲದ ಕಡೆಯ ಹುಡುಗಿಗೆ ಇಂಥ ಮೇಳ ವಿಹಾರವಲ್ಲ, ಬಾಗಿಲು.

ಈ ಪದ್ಧತಿ ಎಷ್ಟು ಗಟ್ಟಿ? 2006ರಲ್ಲಿ ಮೆಕ್ಸಿಕೋದ ಡೆಬ್‌ಕಾನಿನಲ್ಲಿ ಮಾರ್ಟಿನ್ ಕ್ರಾಫ್ಟ್ ಎಂಬ ಡೆವಲಪರ್ ಅದನ್ನು ಪರೀಕ್ಷಿಸಿಯೇಬಿಟ್ಟ. ಕೀ ಸೈನಿಂಗಿಗೆ ಸಾಲುಗಟ್ಟಿ ನಿಂತಾಗ ಯಾವ ದೇಶವೂ ಒಪ್ಪದ ‘ಟ್ರಾನ್ಸ್‌ನ್ಯಾಷನಲ್ ರಿಪಬ್ಲಿಕ್’ ಎಂಬ ಹೆಸರಿನ ಕಾರ್ಡು ತೋರಿಸಿದ. ಹೆಸರು ಅವನದೇ, ಫೋಟೋ ಅವನದೇ. ಕಾರ್ಡು ಕೊಟ್ಟ ರಾಷ್ಟ್ರ ಮಾತ್ರ ಭೂಪಟದಲ್ಲಿಲ್ಲ. ಬಹಳ ಮಂದಿ ತಲೆಯಾಡಿಸಿ ಮುಂದೆ ಹೋದರು. ಆಮೇಲೆ ದೊಡ್ಡ ಜಗಳವಾಯಿತು. ಆ ಜಗಳದಿಂದ ತಿಳಿದದ್ದೇನೆಂದರೆ, ಚೀಟಿ ನೋಡುವುದೇ ಪರಿಚಯವಲ್ಲ. ಜೊತೆಗೆ ಊಟ ಮಾಡಿ, ಒಂದು ಬಗ್ ಮೇಲೆ ಅರ್ಧ ರಾತ್ರಿ ಕೂತವರ ಪರಿಚಯವೇ ಬೇರೆ ತೂಕದ್ದು.

ಬುಧವಾರ ಪದ್ಧತಿಯಂತೆ ಪ್ರವಾಸದ ದಿನ. ಅಂದು ಕಯಾಕಿಂಗ್‌ಗೆ ಹೋದ ತಂಡದಲ್ಲಿದ್ದ ಕೇರಳದ ಯುವ ಡೆಬಿಯನ್ ಡೆವಲಪರ್ ಅಬ್ರಹಾಂ ರಾಜಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಈ ಸಮ್ಮೇಳನದ ವಿನ್ಯಾಸದ ಕೆಲಸದಲ್ಲಿ ಅವರ ಕೈ ದೊಡ್ಡದು. ಮೇಳದ ತುಂಬ ಅವರು ದುಡಿದ ಗುರುತುಗಳು ಹಾಗೇ ಇದ್ದವು, ಅವರಿರಲಿಲ್ಲ. ಮುಂದಿನ ಕಾರ್ಯಕ್ರಮಗಳು ಬದಲಾದವು. ಪರದೆಯ ಮೇಲಿನ ಅಡ್ಡಹೆಸರುಗಳಿಂದಷ್ಟೇ ಒಬ್ಬರನ್ನೊಬ್ಬರು ಬಲ್ಲ ಸಮುದಾಯಕ್ಕೆ ಅಳು ಬರುವುದಿಲ್ಲ ಎಂದುಕೊಂಡವರು ಆ ಗುರುವಾರ ಕಾಕ್ಕನಾಡಿನಲ್ಲಿ ಇರಬೇಕಿತ್ತು.

ಮರಳಿ ಬಂದ ಆರು ತಿಂಗಳಿಗೆ ಮುಖತಃ ಭೇಟಿಯ ವಿಷಯ ಜಗತ್ತಿನ ಸುದ್ದಿಯಾಯಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಒಂದು ವಿಚಿತ್ರವನ್ನು ಬಯಲು ಮಾಡಿದ. ಡೆಬಿಯನ್ನಿನ ಅಸ್ಥಿರ (ಅನ್‌ಸ್ಟೇಬಲ್) ಆವೃತ್ತಿಯಲ್ಲಿ, ದೂರದ ಕಂಪ್ಯೂಟರಿಗೆ ಹೊಗುವ ಅವನ ಎಸ್‌ಎಸ್‌ಎಚ್ ಲಾಗಿನ್ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿತ್ತು. ಯಾಕೆಂದು ಕೆದಕಿದರೆ, ಎಕ್ಸ್‌ಝಡ್ ಎಂಬ ಫೈಲು ಕುಗ್ಗಿಸುವ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳ ಬಾಗಿಲು ಕೊರೆದಿದ್ದರು. ಕೊರೆದವರ ಹೆಸರು ಜಿಯಾ ಟಾನ್. ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಕೆಲಸ ಮಾಡಿ, ದಣಿದಿದ್ದ ಒಬ್ಬಂಟಿ ನಿರ್ವಾಹಕನ ವಿಶ್ವಾಸ ಗಳಿಸಿ, ತಂತ್ರಾಂಶದ ಬೀಗದ ಕೈಯನ್ನೇ ಪಡೆದುಕೊಂಡ ಹೆಸರು. ಅದರ ಹಿಂದಿನ ಮುಖವನ್ನು ಕಂಡೆ ಎಂದು ಹೇಳುವ ಒಬ್ಬರೂ ಮುಂದೆ ಬರಲಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ಪುಣ್ಯ.

ಭೇಟಿಯಾದರೆ ಮೋಸ ನಡೆಯುವುದಿಲ್ಲ ಎಂದೇನಲ್ಲ. ಎದುರಿಗೆ ಕೂತು ಕಾಫಿ ಕುಡಿದವರೂ ಟೋಪಿ ಹಾಕಿದ್ದಾರೆ. ಆದರೆ ಮೇಳದಲ್ಲಿ ಇನ್ನೊಂದು ಲಾಭವಿದೆ: ಒಬ್ಬ ನಿರ್ವಾಹಕ ಸೋತುಹೋಗಿದ್ದಾನೆ ಎಂಬುದು ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ‘ಈ ಪ್ಯಾಕೇಜು ಸ್ವಲ್ಪ ದಿನ ನಾನು ನೋಡ್ಕೊಳ್ತೀನಿ ಬಿಡಿ’ ಎನ್ನುವವರು ಊಟದ ಸಾಲಿನಲ್ಲೇ ಸಿಗುತ್ತಾರೆ. ಅಪರಿಚಿತನೊಬ್ಬ ಆ ಜಾಗ ತುಂಬುವ ಮೊದಲು ಪರಿಚಿತರು ತುಂಬಬಹುದು.

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗ ಮತ್ತೆ ಅದೇ ನಿಮ್ಹಾನ್ಸ್ ಸಭಾಭವನದಲ್ಲಿದ್ದ. ಈಗ ಅಲ್ಲಿ ಫಾಸ್ ಯುನೈಟೆಡ್ ಎಂಬ ಸಂಸ್ಥೆಯ ಇಂಡಿಯಾ ಫಾಸ್ ಸಮ್ಮೇಳನ. ಹತ್ತಾರು ವರ್ಷದ ಹಿಂದೆ ಸಿಪಿಯು ಡಬ್ಬ ಹೊತ್ತವರ ಮಕ್ಕಳ ವಯಸ್ಸಿನವರು ಸ್ಟಿಕರ್ ಅಂಟಿಸಿದ ಲ್ಯಾಪ್‌ಟಾಪ್ ಹಿಡಿದು ಓಡಾಡುತ್ತಿದ್ದರು. ಲವಲವಿಕೆಗೆ ಕೊರತೆಯಿಲ್ಲ. ಕೊರತೆ ಕಂಡದ್ದು ಬೇರೆ ಕಡೆ: ಬೆಂಗಳೂರಿನ ಇಂಥ ಸಭೆಗಳಲ್ಲಿ ಕನ್ನಡ ಕೇಳಿಸುವುದು ಹೆಚ್ಚಾಗಿ ಸೆಕ್ಯುರಿಟಿಯವರ, ಊಟ ಬಡಿಸುವವರ ಬಾಯಲ್ಲಿ. ವೇದಿಕೆ ಇಂಗ್ಲಿಷಿನದು. ದೇಶವಿದೇಶದವರು ಬರುವ ಕಡೆ ಅದು ಅನಿವಾರ್ಯ, ಒಪ್ಪೋಣ. ತಿಂಗಳ ಸಣ್ಣ ಸಭೆಗಳಲ್ಲೂ ಹಾಗೇ ಆಗುವುದಕ್ಕೆ ಯಾವ ಸಮರ್ಥನೆಯಿದೆ? ವಿಳುಪ್ಪುರಂನವರಿಗೆ ಸಾಧ್ಯವಾದದ್ದು ನಮಗೇಕೆ ಆಗದು?

ಆಗದು ಎನ್ನಲು ನಮ್ಮ ಊರಿನದೇ ಉದಾಹರಣೆ ಅಡ್ಡ ಬರುತ್ತದೆ. ಬನ್ನೇರುಘಟ್ಟ ರಸ್ತೆ ಬಳಿಯ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ಹುಟ್ಟಿಕೊಂಡಿತು. ಕಂಪನಿಗಳು ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರು, ವಾರದ ಕೊನೆಗೆ ಬಂದು ಕಲಿಸುವ ಮುಕ್ತ ತಂತ್ರಾಂಶ ಚಳವಳಿಯ ಯುವಕ ಯುವತಿಯರು. ಮಕ್ಕಳು ಗಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬಿಡಿಸಿದರು. ಅಲ್ಲಿ ಪಾಠ ಮಕ್ಕಳು ಆಡುವ ಮಾತಿನಲ್ಲೇ ಆಗಬೇಕಿತ್ತು.

ಕನ್ನಡಕ್ಕೆ ಮಾಡಬೇಕಾದ ಕೆಲಸವೂ ಬೇಕಾದಷ್ಟಿದೆ. ಡೆಬಿಯನ್ ಅಳವಡಿಸುವಾಗ ಮೊದಲು ಕೇಳುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಚಿತ್ರರೂಪದ ಇನ್‌ಸ್ಟಾಲರ್ ಆರಿಸಿಕೊಂಡರೆ ಮಾತ್ರ. ಬರೀ ಪಠ್ಯದ ಕಪ್ಪು ಪರದೆಯಲ್ಲಿ ಕನ್ನಡ ಮೂಡುವುದಿಲ್ಲ, ಏಕೆಂದರೆ ಲಿನಕ್ಸ್ ಕನ್ಸೋಲಿನ ಫಾಂಟಿಗೆ 512 ಆಕೃತಿಗಳ ಮಿತಿ, ಅಕ್ಷರದ ಕೆಳಗೆ ಒತ್ತು ಕೂರಿಸುವ ವಿದ್ಯೆಯೂ ಅದಕ್ಕಿಲ್ಲ. ಕನ್ನಡಿಗರು ಮಾಡಿದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಪ್ಯಾಕೇಜುಗಳಾಗಿ ಯಾರು ಬೇಕಾದರೂ ಇಳಿಸಿಕೊಳ್ಳುವಂತಿವೆ. ಇವೆಲ್ಲ ಯಾರೋ ಕೆಲವರು ಸಂಜೆ ಹೊತ್ತು ಕೂತು ಮಾಡಿದ್ದು. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ವಾಕ್ಯಗಳು ಅನುವಾದಕ್ಕೆ ಕಾಯುತ್ತವೆ. ಅದಕ್ಕೆ ಕೋಡ್ ಬರೆಯಲು ಬರಬೇಕಿಲ್ಲ, ಒಳ್ಳೆಯ ಕನ್ನಡ ಬಂದರೆ ಸಾಕು.

ಆದ್ದರಿಂದ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಊರಿನಲ್ಲೋ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲೋ ಲಿನಕ್ಸ್ ಬಳಗವಿದ್ದರೆ ಮುಂದಿನ ಸಭೆಗೆ ಹೋಗಿ. ಸಾಮಾನ್ಯವಾಗಿ ಪ್ರವೇಶ ಶುಲ್ಕವಿರುವುದಿಲ್ಲ. ಇನ್‌ಸ್ಟಾಲ್ ಮಾಡಿಸುವುದಿದ್ದರೆ ಫೈಲುಗಳ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ತೆಗೆದಿಟ್ಟು, ಕನಿಷ್ಠ 8 ಜಿಬಿಯ ಖಾಲಿ ಪೆನ್ ಡ್ರೈವು, ಚಾರ್ಜರು, ಒಂದು ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ.